ಪ್ಲಗ್ ಕಿತ್ತರೂ ನಿಲ್ಲದ ರೂಟರ್

"ನೆಟ್ ಬರ್ತಿಲ್ಲ ಸಾರ್" ಅಂತ ಯಾರಾದರೂ ಫೋನ್ ಮಾಡಿದರೆ ನಾವು ಕೊಡುವ ಮೊದಲ ಉತ್ತರ ನಿಮಗೆಲ್ಲ ಗೊತ್ತೇ ಇದೆ. "ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡಿ." ಸಣ್ಣ ಊರೊಂದರ ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ರೂಟರು, ಸ್ವಿಚ್ಚುಗಳನ್ನು ನೋಡಿಕೊಳ್ಳುವ ನನಗೆ ಇದು ನಿತ್ಯಮಂತ್ರ. ನಗಬೇಡಿ, ಬಹಳಷ್ಟು ಸಲ ಕೆಲಸವನ್ನೂ ಮಾಡುತ್ತದೆ! ಆದರೆ ಅಂತರ್ಜಾಲದ ಇತಿಹಾಸದಲ್ಲಿ ಈ ಮಂತ್ರ ಕೈಕೊಟ್ಟ ದಿನಗಳಿವೆ. ರೂಟರಿನ ಪ್ಲಗ್ಗನ್ನೇ ಕಿತ್ತರೂ ಅದು ಹೇಳಿದ ಸುಳ್ಳು ಊರೂರು ಸುತ್ತುತ್ತಲೇ ಇತ್ತು. ಆ ಕತೆಗಳನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲ ಕತೆ 1980ರ ಅಕ್ಟೋಬರ್ 27ರದ್ದು. ಆಗ ಇದ್ದದ್ದು ಇಂಟರ್ನೆಟ್ಟಿನ ಅಜ್ಜ ಅರ್ಪಾನೆಟ್. ಇಂದಿನ ರೂಟರುಗಳ ಕೆಲಸವನ್ನು ಅಲ್ಲಿ ಇಂಪ್ ಎಂಬ ಯಂತ್ರಗಳು ಮಾಡುತ್ತಿದ್ದವು. ಪ್ರತಿ ಇಂಪೂ ತನ್ನ ಸುತ್ತಲಿನ ಲೈನುಗಳು ಹೇಗಿವೆ ಅಂತ ಆಗಾಗ ವರದಿ ಕಳಿಸಬೇಕು, ಉಳಿದವು ಅದನ್ನು ಮುಂದಕ್ಕೆ ದಾಟಿಸಬೇಕು. ಯಾವುದು ಹೊಸ ವರದಿ ಅಂತ ತಿಳಿಯಲು 0ರಿಂದ 63ರವರೆಗೆ ಕ್ರಮಸಂಖ್ಯೆ. 63 ಆದಮೇಲೆ ಗಡಿಯಾರದ ಮುಳ್ಳಿನ ಹಾಗೆ ಮತ್ತೆ 0.

ಅವತ್ತು ಒಂದು ಇಂಪಿನ ಮೆಮೊರಿ ಕೆಟ್ಟು ಅಲ್ಲೊಂದು ಇಲ್ಲೊಂದು ಬಿಟ್ ಬಿದ್ದುಹೋಯಿತು. 44 ಅನ್ನುವ ಸಂಖ್ಯೆ 40 ಆಯಿತು, 8 ಆಯಿತು. ಒಂದೇ ವರದಿಗೆ ಮೂರು ಸಂಖ್ಯೆ! ಈಗ ಮಜಾ ನೋಡಿ. ಲೆಕ್ಕದ ಪ್ರಕಾರ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು. ಆದರೆ ಸುತ್ತು ಹೊಡೆದು ಬರುವ ಲೆಕ್ಕದಲ್ಲಿ 44ಕ್ಕಿಂತ 8 ಹೊಸದು! ಹೀಗೆ ಮೂರೂ ಒಂದನ್ನೊಂದು ಹಿಂದೆ ಹಾಕುತ್ತ ನಿಲ್ಲದೆ ಓಡಿದವು. ಉಳಿದ ಕೆಲಸಕ್ಕೆ ಪುರುಸೊತ್ತೇ ಇಲ್ಲದೆ ಇಡೀ ಜಾಲ ಕೆಲವು ತಾಸು ಮಲಗಿತು. ಒಂದು ಇಂಪನ್ನು ಆಫ್ ಮಾಡಿ ಆನ್ ಮಾಡಿದರೆ ಪಕ್ಕದ್ದು ಅದೇ ಮೂರು ವರದಿಗಳನ್ನು ಮತ್ತೆ ಅದರ ಕೈಗಿಡುತ್ತಿತ್ತು. ಕೊನೆಗೆ ಆ ವರದಿಗಳನ್ನು ಕಿವಿಗೆ ಹಾಕಿಕೊಳ್ಳಬೇಡಿ ಅಂತ ಇಂಪುಗಳ ತಂತ್ರಾಂಶಕ್ಕೇ ತೇಪೆ ಹಾಕಬೇಕಾಯಿತು. ಇದನ್ನೆಲ್ಲ ಎರಿಕ್ ರೋಸೆನ್ ಎಂಬ ಇಂಜಿನಿಯರ್ 1981ರಲ್ಲಿ ಆರ್‌ಎಫ್‌ಸಿ 789ರಲ್ಲಿ ಬರೆದಿಟ್ಟಿದ್ದಾರೆ.

ಸ್ವಿಚ್ಚುಗಳ ಕಾಯಿಲೆಯೂ ಇದೇ ಜಾತಿಯದು. ಎರಡು ಸ್ವಿಚ್ಚುಗಳ ನಡುವೆ ಎರಡು ಕೇಬಲ್ ಸಿಕ್ಕಿಸಿದಿರಿ ಅನ್ನಿ, ಎಲ್ಲರಿಗೂ ಅಂತ ಕಳಿಸಿದ ಒಂದು ಸಂದೇಶ ಅಲ್ಲೇ ಸುತ್ತುತ್ತ ಸಾವಿರವಾಗುತ್ತದೆ. ಐಪಿ ಪ್ಯಾಕೆಟ್ಟಿಗಾದರೆ ಇಷ್ಟು ಮನೆ ದಾಟಿದ ಮೇಲೆ ಸಾಯಿ ಅಂತ ಆಯುಸ್ಸು ಬರೆದಿರುತ್ತದೆ. ಈ ಆಯುಸ್ಸಿನ ಲೆಕ್ಕವನ್ನೇ ಹಿಡಿದು ವ್ಯಾನ್ ಜೇಕಬ್ಸನ್ 1980ರ ದಶಕದ ಕೊನೆಯಲ್ಲಿ ನಮ್ಮೆಲ್ಲರ ಅನ್ನದಾತ ಟ್ರೇಸ್‌ರೂಟ್ ಬರೆದದ್ದು. ಈಥರ್ನೆಟ್ ಫ್ರೇಮಿಗೆ ಮಾತ್ರ ಆಯುಸ್ಸಿಲ್ಲ, ಅದು ಚಿರಂಜೀವಿ. ಹಾಗಾಗಿ ಸುತ್ತನ್ನೇ ಕತ್ತರಿಸಬೇಕು. ಡಿಇಸಿ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ಅದಕ್ಕೆ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಕೊಟ್ಟರು. ಹೆಚ್ಚುವರಿ ದಾರಿಗಳನ್ನು ಸ್ವಿಚ್ಚುಗಳೇ ಮಾತಾಡಿಕೊಂಡು ಮುಚ್ಚಿಡುತ್ತವೆ, ಬೇಕಾದಾಗ ತೆರೆಯುತ್ತವೆ.

ಈಗ ಮುಖ್ಯ ಕತೆಗೆ ಬರೋಣ. 1997ರ ಏಪ್ರಿಲ್ 25. ಅಮೆರಿಕದ ವರ್ಜೀನಿಯಾದಲ್ಲಿ ಎಂಎಐ ನೆಟ್‌ವರ್ಕ್ ಸರ್ವಿಸಸ್ ಅಂತ ಒಂದು ಸಣ್ಣ ಸೇವಾದಾರ ಕಂಪನಿ. ಅಂತರ್ಜಾಲದಲ್ಲಿ ಅದರ ಗುರುತಿನ ಸಂಖ್ಯೆ ಎಎಸ್ 7007. (ನಮ್ಮಲ್ಲಿ ಆಗ ಅಂಥ ಸಣ್ಣ ಖಾಸಗಿ ಕಂಪನಿಗಳಿಗೆ ಜಾಗವೇ ಇರಲಿಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತ್ತು, ಖಾಸಗಿಯವರಿಗೆ ಬಾಗಿಲು ತೆರೆದದ್ದು 1998ರಲ್ಲಿ.)

ಆ ಕಂಪನಿಯ ರೂಟರ್ ಅಂದು ಲೋಕದ ದಾರಿಗಳ ಪಟ್ಟಿಯ ದೊಡ್ಡ ಭಾಗವನ್ನು ಚೂರುಚೂರು ಮಾಡಿ, ಒಂದೊಂದು ಚೂರಿಗೂ "ಇದರ ಮನೆ ನಾನೇ" ಅಂತ ಸಾರಿಬಿಟ್ಟಿತು. ರೂಟರುಗಳ ನಿಯಮವೊಂದಿದೆ: ವಿಳಾಸ ಎಷ್ಟು ನಿಖರವೋ ಅಷ್ಟು ಮರ್ಯಾದೆ. "ಕರ್ನಾಟಕಕ್ಕೆ ಈ ಕಡೆ" ಅನ್ನುವ ಬೋರ್ಡಿಗಿಂತ "ಹಾಸನದ ಬಸ್‌ಸ್ಟ್ಯಾಂಡಿಗೆ ಈ ಕಡೆ" ಅನ್ನುವ ಬೋರ್ಡನ್ನು ನಂಬಿದ ಹಾಗೆ. ಚೂರುಗಳು ನಿಖರವಾಗಿದ್ದವು. ಮೇಲಿನ ಸ್ಪ್ರಿಂಟ್ ಮರುಮಾತಿಲ್ಲದೆ ಒಪ್ಪಿತು, ಅದರಿಂದ ಉಳಿದವರು ಒಪ್ಪಿದರು. ಎಲ್ಲೆಲ್ಲಿಗೋ ಹೋಗಬೇಕಿದ್ದ ಪ್ಯಾಕೆಟ್ಟುಗಳು ಒಂದು ಪುಟ್ಟ ಕಂಪನಿಯ ಬಾಗಿಲಿಗೆ ಬಂದು ಬಿದ್ದವು.

ಅಲ್ಲಿನ ಇಂಜಿನಿಯರುಗಳು ಮಾಡಬೇಕಾದ್ದನ್ನೇ ಮಾಡಿದರು. ಸಂಪರ್ಕ ಕಡಿದರು, ರೂಟರಿನ ವಿದ್ಯುತ್ತನ್ನೇ ತೆಗೆದರು. ಆದರೂ ಸುಳ್ಳು ದಾರಿಗಳು ಹೋಗಲಿಲ್ಲ! ಅವು ಆಗಲೇ ಬೇರೆಯವರ ರೂಟರುಗಳ ನೆನಪಿನಲ್ಲಿ ಕೂತಿದ್ದವು. ಆ ರೂಟರುಗಳೋ ಭಾರಕ್ಕೆ ಕುಸಿದು ಏದುಸಿರು ಬಿಡುತ್ತಿದ್ದವು. ಎಲ್ಲ ತೊಳೆದು ಸರಿಹೋಗಲು ತಾಸುಗಟ್ಟಲೆ ಹಿಡಿಯಿತು.

ನನ್ನನ್ನು ಕಾಡುವುದು ಇಲ್ಲಿ ಬರುವ ನ್ಯಾಯದ ಪ್ರಶ್ನೆ. ಇವತ್ತಿಗೂ ಆ ಘಟನೆಯ ಹೆಸರು "ಎಎಸ್ 7007". ಕೆಟ್ಟ ಹೆಸರು ಸಣ್ಣವನ ಪಾಲಿಗೆ. ಆದರೆ ಸಣ್ಣವನ ಮಾತನ್ನು ಪರೀಕ್ಷಿಸದೆ ಲೋಕಕ್ಕೆಲ್ಲ ಸಾರಿದ ದೊಡ್ಡವರ ಪಾಲು? "ಈ ಗ್ರಾಹಕ ಇಷ್ಟೇ ವಿಳಾಸಗಳ ಬಗ್ಗೆ ಮಾತಾಡಬಹುದು" ಅಂತ ಒಂದು ಫಿಲ್ಟರ್ ಮೇಲಿನವರಲ್ಲಿ ಇದ್ದಿದ್ದರೆ ಸುಳ್ಳು ಅವರ ಹೊಸ್ತಿಲಲ್ಲೇ ನಿಲ್ಲುತ್ತಿತ್ತು.

ಪಾಠ ಕಲಿತೆವಾ? 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ಮುಚ್ಚಲು ಹಾಕಿದ ಸುಳ್ಳು ದಾರಿ ಹೊರಗೆ ಸೋರಿತು. ಮೇಲಿನ ಪಿಸಿಸಿಡಬ್ಲ್ಯೂ ಅದನ್ನು ಒಪ್ಪಿ ಹಂಚಿತು. ಯೂಟ್ಯೂಬಿನದು 208.65.152.0/22 ಎಂಬ ದೊಡ್ಡ ಬೋರ್ಡು, ಇವರದ್ದು 208.65.153.0/24 ಎಂಬ ನಿಖರ ಬೋರ್ಡು. ಸುಮಾರು ಎರಡು ತಾಸು ಲೋಕದ ಬಹುಭಾಗಕ್ಕೆ ಯೂಟ್ಯೂಬ್ ಇರಲಿಲ್ಲ. ಯೂಟ್ಯೂಬಿನವರು ತಮ್ಮದೇ ವಿಳಾಸವನ್ನು ಇನ್ನೂ ಸಣ್ಣದಾಗಿ, ಎರಡು /25 ಚೂರು ಮಾಡಿ ಸಾರಬೇಕಾಯಿತು. ಹನ್ನೊಂದು ವರ್ಷ ಕಳೆದರೂ ಅದೇ ರೋಗ.

ಈಗ ಆರ್‌ಪಿಕೆಐ ಬಂದಿದೆ. ಯಾವ ವಿಳಾಸವನ್ನು ಯಾರು ಸಾರಬಹುದು ಅನ್ನುವುದಕ್ಕೆ ಸಹಿ ಹಾಕಿದ ಪಹಣಿ ಇದ್ದ ಹಾಗೆ. ಪಹಣಿ ಇದ್ದರೆ ಸಾಲದು, ಯಾರಾದರೂ ತೆರೆದು ನೋಡಬೇಕಲ್ಲ! ನಮ್ಮಂಥ ಸಣ್ಣವರು ಮಾಡಬಹುದಾದ್ದು ಇಷ್ಟು: ನಮ್ಮ ವಿಳಾಸಗಳಿಗೆ ಪಹಣಿ ಮಾಡಿಸುವುದು, ನಮ್ಮದಲ್ಲದ್ದನ್ನು ಹೊರಗೆ ಸಾರದಂತೆ ಫಿಲ್ಟರ್ ಹಾಕುವುದು, ಕೆಳಗಿನವರಿಂದ ಇಷ್ಟೇ ದಾರಿ ಬರಬೇಕು ಅಂತ ಮಿತಿ ಇಡುವುದು. ರೂಟರಿನಲ್ಲಿ ಕೆಲವೇ ಸಾಲು.

ನೆರೆಯವರು ಹೇಳಿದ್ದನ್ನು ನಂಬಿ ನಡೆಯುವುದೇ ಈ ಜಾಲದ ಶಕ್ತಿ. ನಂಬುವ ಮುಂಚೆ ಒಂದು ಮಾತು ಕೇಳಿದರೆ ನಂಟೇನೂ ಕೆಡುವುದಿಲ್ಲ. ಏನಂತೀರಿ?