ಚಕ್ರದ ತೂಕ: ಲಂಡನ್ನಿನ ಬಾಡಿಗೆ ಗಾಡಿಯಿಂದ ನಮ್ಮೂರ ಪಂಚರ್ ಅಂಗಡಿಯವರೆಗೆ

ಹೋದ ತಿಂಗಳು ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಪಂಚರ್ ಅಂಗಡಿಯಲ್ಲಿ ಒಂದು ಚರ್ಚೆ ನಡೆಯಿತು. ಹೈಸ್ಕೂಲ್ ಮೇಷ್ಟ್ರೊಬ್ಬರು ಹೊಸದಾಗಿ ಎಲೆಕ್ಟ್ರಿಕ್ ಕಾರು ತಗೊಂಡಿದ್ದಾರೆ. ಕಂಪನಿ ಹೇಳಿದಷ್ಟು ಕಿಲೋಮೀಟರ್ ಓಡುತ್ತಿಲ್ಲ ಅನ್ನೋದು ಅವರ ಕೊರಗು. "ಮೇಷ್ಟ್ರೇ, ಈ ಕಬ್ಬಿಣದ ಡಿಸ್ಕ್ ತೆಗೆಸಿ, ಮ್ಯಾಗ್ ವೀಲ್ ಹಾಕಿಸಿ. ಹಗುರ ಆಗುತ್ತೆ, ಚಾರ್ಜ್ ಉಳಿಯುತ್ತೆ" ಅಂದರು ಅಲ್ಲಿದ್ದವರೊಬ್ಬರು. ನಾಲ್ಕು ಚಕ್ರಕ್ಕೆ 40 ಸಾವಿರದ ಮಾತು. ಮೇಷ್ಟ್ರು ನನ್ನ ಕಡೆ ತಿರುಗಿ, "ಏನಪ್ಪಾ, ನೀನು ಪೇಪರ್ ಓದೋನು, ಇದು ನಿಜಾನಾ?" ಅಂದರು. ನನಗೆ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ. ಓದುತ್ತಾ ಹೋದರೆ ಈ ಪ್ರಶ್ನೆಗೆ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ.

ಎಲೆಕ್ಟ್ರಿಕ್ ಗಾಡಿ ಅಂದರೆ ಈಗಿನ ಕಾಲದ್ದು ಅಂದುಕೊಂಡಿದ್ದೇವೆ. 1897ರ ಆಗಸ್ಟ್‌ನಲ್ಲೇ ಲಂಡನ್ನಿನ ಬೀದಿಯಲ್ಲಿ ಬ್ಯಾಟರಿ ಟ್ಯಾಕ್ಸಿಗಳು ಬಾಡಿಗೆಗೆ ಓಡುತ್ತಿದ್ದವು. ವಾಲ್ಟರ್ ಬರ್ಸಿ ಅನ್ನುವ ಯುವ ಎಂಜಿನಿಯರ್ ಮಾಡಿದ ಗಾಡಿಗಳು ಅವು. ನೋಡಲು ಕುದುರೆ ಇಲ್ಲದ ಸಾರೋಟಿನ ಹಾಗೆ. ಓಡುವಾಗ ಗುಂಯ್ ಅನ್ನುತ್ತಿದ್ದರಿಂದ ಜನ ಅವಕ್ಕೆ ಗುಂಯ್‌ಗುಡುವ ಹಕ್ಕಿಯ ಹೆಸರಿಟ್ಟಿದ್ದರು. ಚಾರ್ಜ್ ಮುಗಿದರೆ ಡಿಪೋಗೆ ಬಂದು ಹಳೆ ಬ್ಯಾಟರಿ ಇಳಿಸಿ ಹೊಸದು ಏರಿಸಿಕೊಂಡು ಹೋಗುವ ಏರ್ಪಾಡು ಕೂಡ ಇತ್ತು. ಬ್ಯಾಟರಿ ಸ್ವಾಪಿಂಗ್ ಅಂತ ಈಗ ಜಾಹೀರಾತು ಕೊಡುತ್ತಾರಲ್ಲ, ಅದೇ. (ಕುಡಿದು ಗಾಡಿ ಓಡಿಸಿ ದಂಡ ಕಟ್ಟಿದ ಮೊದಲ ಡ್ರೈವರ್ ಅಂತ ಹೆಸರಾದವನು ಓಡಿಸುತ್ತಿದ್ದದ್ದು ಕೂಡ ಎಲೆಕ್ಟ್ರಿಕ್ ಟ್ಯಾಕ್ಸಿಯೇ, ಅದೇ ವರ್ಷದ ಸೆಪ್ಟೆಂಬರ್ 10ರಂದು.)

ಎರಡೇ ವರ್ಷಕ್ಕೆ ಈ ಟ್ಯಾಕ್ಸಿಗಳು ಬೀದಿಯಿಂದ ಮಾಯವಾದವು. ಕಾರಣ ಮೋಟರ್ ಅಲ್ಲ. ಗಾಡಿ ತೂಕ ಸುಮಾರು ಎರಡು ಟನ್. ಅಷ್ಟು ಭಾರ ಹೊರಲು ಗಾಳಿ ಇಲ್ಲದ ಗಟ್ಟಿ ರಬ್ಬರಿನ ಚಕ್ರ ಹಾಕಿದ್ದರು. ಲಂಡನ್ನಿನ ಕಲ್ಲು ಹಾಸಿದ ರಸ್ತೆಯಲ್ಲಿ ಪ್ರತಿ ಕುಲುಕಾಟವೂ ನೇರವಾಗಿ ಮೇಲಕ್ಕೆ ಹೋಗುತ್ತಿತ್ತು. ಒಳಗಿದ್ದ ಬ್ಯಾಟರಿಯ ನಾಜೂಕು ಗಾಜು ಬಿರುಕು ಬಿಡುತ್ತಿತ್ತು. ರಬ್ಬರು ಬೇಗ ಸವೆಯುತ್ತಿತ್ತು, ಬದಲಿಸುವ ಖರ್ಚು ಬಾಡಿಗೆಯನ್ನೇ ತಿನ್ನುತ್ತಿತ್ತು. ನನ್ನ ಲೆಕ್ಕದಲ್ಲಿ ಆ ಟ್ಯಾಕ್ಸಿಗಳನ್ನು ಅರ್ಧ ಕೊಂದದ್ದು ಬ್ಯಾಟರಿ, ಇನ್ನರ್ಧ ಕೊಂದದ್ದು ಚಕ್ರ.

ಅದಕ್ಕಿಂತ ಮೂರು ವರ್ಷ ಮೊದಲು, 1894ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೆನ್ರಿ ಮಾರಿಸ್ ಮತ್ತು ಪೆಡ್ರೊ ಸಾಲೊಮ್ ಅನ್ನುವ ಇಬ್ಬರು ಎಲೆಕ್ಟ್ರೊಬ್ಯಾಟ್ ಅನ್ನುವ ಗಾಡಿ ಮಾಡಿದ್ದರು. ಅದರಲ್ಲಿ ಬ್ಯಾಟರಿ ಒಂದೇ 700 ಕೆ.ಜಿ. ಮೇಲಿತ್ತು. ಭಾರ ತಡೆಯಲಿ ಅಂತ ಚಕ್ರಕ್ಕೆ ಉಕ್ಕಿನ ಪಟ್ಟಿ ಕಟ್ಟಿದ್ದರು, ನಮ್ಮ ಎತ್ತಿನ ಗಾಡಿಗೆ ಕಮ್ಮಾರರು ಕೆಂಪಗೆ ಕಾಯಿಸಿ ಪಟ್ಟಿ ಹಾಕುತ್ತಿದ್ದರಲ್ಲ, ಹಾಗೆ. ಗಾಡಿ ತೆವಳಿತು. ಮುಂದಿನ ಗಾಡಿಗಳಲ್ಲಿ ಅವರು ಬ್ಯಾಟರಿಯನ್ನೂ ಮೈಯನ್ನೂ ಇಳಿಸಿ, ಗಾಳಿ ತುಂಬಿದ ಟೈರ್ ಹಾಕಿದರು. ಆಗ ಗಂಟೆಗೆ 32 ಕಿ.ಮೀ. ವೇಗ ಬಂತು, ಒಂದು ಚಾರ್ಜ್‌ಗೆ 40 ಕಿ.ಮೀ. ಓಡಿತು.

ಗಾಳಿ ಟೈರ್ ಆಗ ಹೊಸದು. 1888ರಲ್ಲಿ ಬೆಲ್‌ಫಾಸ್ಟ್ ಊರಿನ ಜಾನ್ ಡನ್‌ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ ಅದನ್ನು ಮಾಡಿಕೊಟ್ಟಿದ್ದ. ಡನ್‌ಲಪ್ ಕಸುಬಿನಿಂದ ದನದ ಡಾಕ್ಟರು, ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಎತ್ತಿನ ಗಾಡಿ ಹೋಗಿ ಟೈರ್ ಗಾಡಿ ಬಂದಾಗ ಎತ್ತುಗಳಿಗೆ ಎಷ್ಟು ಹಗುರವಾಯಿತು ಅಂತ ನಮ್ಮ ಹಿರಿಯರನ್ನು ಕೇಳಿ ನೋಡಿ. ಬ್ಯಾಟರಿಯೂ ಎತ್ತಿನ ಹಾಗೆಯೇ. ಅದಕ್ಕೆ ದಿನಕ್ಕೆ ಇಷ್ಟೇ ಶಕ್ತಿ, ಚಕ್ರ ಎಷ್ಟು ಕದಿಯುತ್ತದೋ ಅಷ್ಟು ದೂರ ಕಡಿಮೆ.

1899ರ ಏಪ್ರಿಲ್ 29ರಂದು ಪ್ಯಾರಿಸ್ ಹತ್ತಿರದ ಅಶೇರ್‌ನಲ್ಲಿ ಕಮೀಲ್ ಜೆನಾಟ್ಸಿ ಅನ್ನುವವನು ಗಂಟೆಗೆ 105.88 ಕಿ.ಮೀ. ವೇಗದಲ್ಲಿ ಹೋದ. ರಸ್ತೆಯ ಮೇಲೆ ಗಾಡಿಯೊಂದು ನೂರು ದಾಟಿದ್ದು ಅದೇ ಮೊದಲು, ಅದು ಪೆಟ್ರೋಲ್ ಗಾಡಿ ಅಲ್ಲ, ಬ್ಯಾಟರಿ ಗಾಡಿ. ಬಂದೂಕಿನ ತೋಟಾ ಆಕಾರದ ಅದರ ಮೈಯನ್ನು ಅಲ್ಯೂಮಿನಿಯಂ ಬೆರೆಸಿದ ಹಗುರ ಲೋಹದಲ್ಲಿ ಮಾಡಿದ್ದರು, ಕೆಳಗೆ ಮಿಶಲಿನ್ ಕಂಪನಿಯ ಗಾಳಿ ಟೈರ್. ಆ ಗಾಡಿಗೆ ಅವನಿಟ್ಟ ಹೆಸರಿನ ಅರ್ಥ "ಎಂದೂ ತೃಪ್ತಿಯಾಗದವಳು".

ಮರುವರ್ಷ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಫರ್ಡಿನಂಡ್ ಪೋರ್ಶೆ ಮಾಡಿದ ಕಾರು ಬಂತು. ಅವನು ಮೋಟರನ್ನು ಚಕ್ರದೊಳಗೇ ಕೂರಿಸಿದ್ದ. ಚೈನ್ ಇಲ್ಲ, ಗೇರ್ ಇಲ್ಲ. ಈಗ ಹಳ್ಳಿಗಳಲ್ಲಿ ಓಡುವ ಎಷ್ಟೋ ಅಗ್ಗದ ಎಲೆಕ್ಟ್ರಿಕ್ ಸ್ಕೂಟರಿನ ಹಿಂದಿನ ಚಕ್ರದಲ್ಲಿ ಇರುವುದು ಇದೇ ಉಪಾಯ. ಆದರೆ ಚಕ್ರವೇ ಭಾರವಾದರೆ ಬೇರೆ ತೊಂದರೆ ಶುರುವಾಗುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ತಲೆ ಮೇಲೆ ಹತ್ತು ಕೆ.ಜಿ. ಮೂಟೆ ಹೊತ್ತು ನಡೆಯಬಹುದು, ಒಂದೊಂದು ಕಾಲಿಗೆ ಎರಡು ಕೆ.ಜಿ. ಮಣ್ಣು ಮೆತ್ತಿಕೊಂಡರೆ ನೂರು ಹೆಜ್ಜೆಗೆ ಸುಸ್ತು. ಕಾರಿನ ಮೈ ಸ್ಪ್ರಿಂಗ್ ಮೇಲೆ ಕೂತಿದೆ, ಚಕ್ರ ಸ್ಪ್ರಿಂಗ್ ಕೆಳಗಿದೆ. ಭಾರದ ಚಕ್ರ ಗುಂಡಿಗೆ ಬಿದ್ದರೆ ಬೇಗ ಎದ್ದು ಬರುವುದಿಲ್ಲ, ಎದ್ದಾಗ ಮೈಯನ್ನು ಜೋರಾಗಿ ಒದೆಯುತ್ತದೆ.

ಹಗುರ ಚಕ್ರದ ಹುಡುಕಾಟ ಆಮೇಲೆ ರೇಸಿನವರ ಕೈಗೆ ಹೋಯಿತು, ಎಲೆಕ್ಟ್ರಿಕ್ ಕಾರು ಮೂಲೆ ಸೇರಿತು. 1924ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ನಡೆದ ರೇಸಿಗೆ ಎಟೊರೆ ಬುಗಾಟಿ ಎರಕದ ಅಲ್ಯೂಮಿನಿಯಂ ಚಕ್ರ ಹಾಕಿದ ಕಾರುಗಳನ್ನು ಇಳಿಸಿದ. ಬ್ರೇಕ್ ಡ್ರಮ್ ಕೂಡ ಚಕ್ರದ ಜೊತೆಗೇ ಎರಕ. ಅವತ್ತು ಟೈರುಗಳ ಮೇಲ್ಪದರ ಕಿತ್ತು ಬಂದು ಬುಗಾಟಿ ಸೋತ. ತಪ್ಪು ಚಕ್ರದ್ದಲ್ಲ, ಸರಿಯಾಗಿ ಬೇಯಿಸದ ರಬ್ಬರಿನದು. ಮುಂದಿನ ವರ್ಷಗಳಲ್ಲಿ ಅದೇ ಮಾದರಿಯ ಕಾರು ರೇಸಿನ ಮೇಲೆ ರೇಸು ಗೆದ್ದಿತು.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ರೇಸಿನಲ್ಲಿ ಮೆಗ್ನೀಸಿಯಂ ಚಕ್ರಗಳು ಬಂದವು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಹೇಳುವ "ಮ್ಯಾಗ್ ವೀಲ್" ಮಾತಿನ ಮೂಲ ಅದೇ ಮೆಗ್ನೀಸಿಯಂ. ಆ ಲೋಹ ಅಲ್ಯೂಮಿನಿಯಂಗಿಂತ ಹಗುರ, ಆದರೆ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಉರಿಯುತ್ತದೆ. ಹಾಗಾಗಿ ದಿನನಿತ್ಯದ ಕಾರಿಗೆ ಅಲ್ಯೂಮಿನಿಯಂ ಮಿಶ್ರಲೋಹ ಉಳಿಯಿತು, ಹೆಸರು ಮಾತ್ರ ಹಳೆಯದೇ. ಅಂಗಡಿಯಲ್ಲಿ ಮ್ಯಾಗ್ ಅಂತ ಕೊಡುವುದರಲ್ಲಿ ಮೆಗ್ನೀಸಿಯಂ ಹುಡುಕಬೇಡಿ.

ಎಲೆಕ್ಟ್ರಿಕ್ ಕಾರಿಗೆ ಈ ವಿದ್ಯೆ ಮರಳಿ ಬಂದದ್ದು ಬಿಸಿಲಿನ ದಾರಿಯಲ್ಲಿ. 1987ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ, 3,000 ಕಿ.ಮೀ. ಉದ್ದಕ್ಕೆ, ಸೌರಶಕ್ತಿ ಕಾರುಗಳ ರೇಸು ನಡೆಯಿತು. ಗೆದ್ದದ್ದು ಜನರಲ್ ಮೋಟರ್ಸ್‌ನ ಸನ್‌ರೇಸರ್, ಸರಾಸರಿ ವೇಗ ಗಂಟೆಗೆ 66.9 ಕಿ.ಮೀ. ಅದರ ಚಕ್ರಗಳು ಸೈಕಲ್ ಚಕ್ರದಷ್ಟು ತೆಳು. ಒಂದು ಹೇರ್ ಡ್ರೈಯರ್ ಓಡಿಸುವಷ್ಟು ಕರೆಂಟಿನಲ್ಲಿ ಮನುಷ್ಯನನ್ನು ಸಾಗಿಸಬೇಕಾದಾಗ ಚಕ್ರದ ಪ್ರತಿ ಗ್ರಾಮಿಗೂ ಬೆಲೆ ಬರುತ್ತದೆ.

1990ರಲ್ಲಿ ಅದೇ ರೇಸಿನಲ್ಲಿ ಮೂರನೇ ಸ್ಥಾನ ಪಡೆದ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡದಲ್ಲಿ ಬೆಂಗಳೂರಿನ ಹುಡುಗನೊಬ್ಬನಿದ್ದ, ಚೇತನ್ ಮೈನಿ. ಮುಂದೆ ಅವರು ಬೆಂಗಳೂರಿನಲ್ಲಿ ರೇವಾ ಕಟ್ಟಿದರು. 1994ರಲ್ಲಿ ಕಂಪನಿ ಶುರುವಾಯಿತು, 2001ರಲ್ಲಿ ಕಾರು ರಸ್ತೆಗೆ ಬಂತು. ಬೊಮ್ಮಸಂದ್ರದಲ್ಲಿ ತಯಾರಾದ ಆ ಪುಟ್ಟ ಎರಡು ಬಾಗಿಲಿನ ಕಾರನ್ನು ನೋಡಿ ನಕ್ಕವರೇ ಹೆಚ್ಚು. ಎಂಟು ಲೆಡ್ ಆಸಿಡ್ ಬ್ಯಾಟರಿ, ಅದೇ ಟ್ರ್ಯಾಕ್ಟರ್ ಬ್ಯಾಟರಿಯ ಜಾತಿ. ಅಷ್ಟು ಸೀಸ ಹೊತ್ತೂ 80 ಕಿ.ಮೀ. ಓಡಬೇಕಾದರೆ ಮಿಕ್ಕಿದ್ದೆಲ್ಲ ಹಗುರ ಇರಬೇಕು. ಮೈಗೆ ಪ್ಲಾಸ್ಟಿಕ್ ಹಾಳೆ, ಕೆಳಗೆ ಸಣ್ಣ ಚಕ್ರ, ಸಪೂರ ಟೈರ್. ಅದೇ ರೇವಾ ಜಿ-ವಿಜ್ ಅನ್ನುವ ಹೆಸರಲ್ಲಿ ಲಂಡನ್ನಿಗೆ ಹೋಗಿ ನೂರಾರು ಜನರ ಮನೆ ಮುಂದೆ ನಿಂತಿತು. ಬರ್ಸಿಯ ಟ್ಯಾಕ್ಸಿ ಸೋತ ಬೀದಿಗಳಲ್ಲಿ, ನೂರು ವರ್ಷದ ಮೇಲೆ, ನಮ್ಮ ಆನೇಕಲ್ ತಾಲ್ಲೂಕಿನ ಕಾರು. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು.

ಅಮೆರಿಕದಲ್ಲಿ ಸನ್‌ರೇಸರ್ ಅನುಭವದಿಂದ ಹುಟ್ಟಿದ್ದು 1996ರ ಇವಿ-1. ಅದರ ಚಕ್ರ ಅಲ್ಯೂಮಿನಿಯಂ, ಟೈರಿನ ಗಾಳಿ 50 ಪಿ.ಎಸ್.ಐ. ಸಾಮಾನ್ಯ ಕಾರಿಗೆ ನಾವು ಮೂವತ್ತರ ಆಸುಪಾಸು ಹಿಡಿಸುತ್ತೇವೆ. ತೂಕ ಉಳಿಸಲು ಸ್ಟೆಪ್ನಿಯನ್ನೂ ಬಿಟ್ಟಿದ್ದರು. 2013ರ ಬಿಎಂಡಬ್ಲ್ಯು ಐ-3 ಇನ್ನೊಂದು ದಾರಿ ಹಿಡಿಯಿತು. ಚಕ್ರ 19 ಇಂಚು ಎತ್ತರ, ಆದರೆ ಟೈರಿನ ಅಗಲ ಬರೀ 155 ಮಿ.ಮೀ. ದೂರದಿಂದ ನೋಡಿದರೆ ಹಳೆ ಗಾಡಿ ಚಕ್ರದ ನೆನಪಾಗುತ್ತದೆ. ಎತ್ತರದ ಚಕ್ರ ಹಳ್ಳ ದಿಣ್ಣೆಯನ್ನು ಸಲೀಸಾಗಿ ದಾಟುತ್ತದೆ, ಸಪೂರವಾದದ್ದು ಗಾಳಿಯನ್ನು ಕಡಿಮೆ ತಳ್ಳುತ್ತದೆ. ನಮ್ಮ ಬಡಗಿಗಳಿಗೆ ಇದರ ಮೊದಲ ಅರ್ಧ ಯಾವ ಕಾಲದಿಂದಲೋ ಗೊತ್ತಿತ್ತು. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3ರಲ್ಲಿ ಅಲಾಯ್ ಚಕ್ರದ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೊಟ್ಟರು. ಮುಚ್ಚಳದಿಂದ ತೂಕ ಸ್ವಲ್ಪ ಹೆಚ್ಚುತ್ತದೆ, ಆದರೂ ಕಾರು ಹೆಚ್ಚು ದೂರ ಓಡುತ್ತದೆ! ತೂಕಕ್ಕಿಂತ ಗಾಳಿಯೇ ದೊಡ್ಡ ಕಳ್ಳ ಅಂತ ಎಂಜಿನಿಯರುಗಳಿಗೆ ಅಷ್ಟು ಹೊತ್ತಿಗೆ ಖಾತ್ರಿಯಾಗಿತ್ತು.

ಈಗ ಮೇಷ್ಟ್ರ ಲೆಕ್ಕ. ಅವರ ಕಾರು ಸುಮಾರು 1,400 ಕೆ.ಜಿ. ಅನ್ನಿ. ಒಂದೊಂದು ಚಕ್ರದಲ್ಲಿ 3 ಕೆ.ಜಿ. ಉಳಿಸಿದರೆ ಒಟ್ಟು 12 ಕೆ.ಜಿ. ಅಂದರೆ ಕಾರಿನ ತೂಕದ ಶೇ. 1ಕ್ಕೂ ಕಡಿಮೆ. ಚಕ್ರ ಮುಂದೆ ಹೋಗುವುದರ ಜೊತೆಗೆ ತಿರುಗಲೂ ಬೇಕು, ಅದಕ್ಕೂ ಶಕ್ತಿ ಬೇಕು. ಹಾಗಾಗಿ ವೇಗ ಹಿಡಿಯುವಾಗ ರಿಮ್ಮಿನ ಅಂಚಿನ ಒಂದು ಕೆ.ಜಿ. ಹೆಚ್ಚೆಂದರೆ ಎರಡು ಕೆ.ಜಿ. ಹಾಗೆ ವರ್ತಿಸುತ್ತದೆ. ಆಗಲೂ ಲೆಕ್ಕ 24 ಕೆ.ಜಿ. ದಾಟುವುದಿಲ್ಲ, ಒಬ್ಬ ಸಣ್ಣ ಹುಡುಗನ ತೂಕ. ಒಂದೇ ವೇಗದಲ್ಲಿ ಹೋಗುವಾಗ ಈ ದುಪ್ಪಟ್ಟಿನ ಲೆಕ್ಕವೂ ಇಲ್ಲ. ಮೇಲಾಗಿ ಎಲೆಕ್ಟ್ರಿಕ್ ಕಾರು ನಿಧಾನ ಮಾಡುವಾಗ ಮೋಟರ್ ತಿರುಗಿ ಬ್ಯಾಟರಿಗೆ ಸ್ವಲ್ಪ ಶಕ್ತಿ ವಾಪಸ್ ತುಂಬುತ್ತದೆ, ಪೆಟ್ರೋಲ್ ಕಾರಿನಲ್ಲಿ ಅದು ಬ್ರೇಕ್ ಬಿಸಿಯಾಗಿ ಹೋಗಿಬಿಡುತ್ತದೆ. ಹಗುರ ಚಕ್ರದ ನಿಜವಾದ ಲಾಭ ಓಟದ ಸುಖದಲ್ಲಿ, ಎರೆಮಣ್ಣು ತೊಳೆದ ಕಾಲಿನ ಹಾಗೆ. ಚಾರ್ಜಿನಲ್ಲಿ ಅಲ್ಲ.

ಇನ್ನೊಂದು ಮೋಸ ಇದೆ. ಅಂಗಡಿಯವರು ತೋರಿಸಿದ್ದು 17 ಇಂಚಿನ ಅಗಲ ಚಕ್ರ. ಮೇಷ್ಟ್ರ ಕಾರಿಗೆ ಕಂಪನಿ ಕೊಟ್ಟದ್ದು 15 ಇಂಚಿನದು. ಅಲಾಯ್ ಅಂದ ಮಾತ್ರಕ್ಕೆ ಹಗುರ ಆಗುವುದಿಲ್ಲ. ಸೈಜ್ ದೊಡ್ಡದಾದರೆ ಸಣ್ಣ ಕಬ್ಬಿಣದ ಡಿಸ್ಕಿಗಿಂತ ಭಾರವೂ ಇರಬಹುದು. ಟೈರ್ ಅಗಲವಾದರೆ ಗಾಳಿಯ ತಡೆ ಹೆಚ್ಚು, ಟೈರಿನ ಪಕ್ಕೆ ಗಿಡ್ಡವಾದರೆ ಗುಂಡಿಯ ಏಟು ನೇರ ರಿಮ್ಮಿಗೆ. ಕಬ್ಬಿಣದ ಡಿಸ್ಕ್ ಡೊಂಕಾದರೆ ಸುತ್ತಿಗೆಯಲ್ಲಿ ಬಡಿದು ಸರಿ ಮಾಡುವವರು ನಮ್ಮ ಹೋಬಳಿಯಲ್ಲೇ ಇದ್ದಾರೆ. ಎರಕದ ಅಲಾಯ್ ಬಿರುಕು ಬಿಟ್ಟರೆ ಬದಲಿಸುವುದೇ ದಾರಿ, ವೆಲ್ಡ್ ಮಾಡಿಸಿ ಓಡಿಸುವುದು ಪ್ರಾಣಕ್ಕೇ ಅಪಾಯ. ಬ್ಯಾಟರಿಯಿಂದಾಗಿ ಎಲೆಕ್ಟ್ರಿಕ್ ಕಾರು ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಭಾರ. ಆದ್ದರಿಂದ ಬದಲಿಸಲೇಬೇಕು ಅನ್ನುವವರು ಚಕ್ರ ಎಷ್ಟು ಭಾರ ತಡೆಯುತ್ತದೆ ಅನ್ನುವುದನ್ನು, ಸಾಮಾನ್ಯವಾಗಿ ಅದರ ಹಿಂಬದಿಯಲ್ಲಿ ಅಚ್ಚು ಹಾಕಿರುತ್ತಾರೆ, ನೋಡಿ ತಗೊಳ್ಳಿ. ಸುಳಿವೇ ಇಲ್ಲದಿದ್ದರೆ ಎಷ್ಟು ಚೆಂದ ಇದ್ದರೂ ಬೇಡ. ಮುತುವರ್ಜಿ ವಹಿಸಬೇಕಾದ್ದು ಟೈರಿನ ಮೇಲೆ. ಟೈರ್ ಉರುಳುವಾಗ ಕ್ಷಣಕ್ಷಣವೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಆ ಮಿದಿಯುವಿಕೆಯಲ್ಲಿ ಶಕ್ತಿ ಬಿಸಿಯಾಗಿ ಹೋಗುತ್ತದೆ. 1992ರಲ್ಲಿ ಮಿಶಲಿನ್‌ನವರು ರಬ್ಬರಿಗೆ ಸಿಲಿಕಾ ಬೆರೆಸಿ ಈ ನಷ್ಟ ತಗ್ಗಿಸಿದರು, ಈಗಿನ ಎಲೆಕ್ಟ್ರಿಕ್ ಕಾರಿನ ಟೈರುಗಳು ಆ ದಾರಿಯಲ್ಲೇ ಬಂದವು. ಅಂಥ ಟೈರ್ ಸವೆದ ಮೇಲೆ ಅಗ್ಗದ್ದು ಹಾಕಿಸಿದರೆ ಹೋಗುವ ಕಿಲೋಮೀಟರು ಕಬ್ಬಿಣದ ಡಿಸ್ಕಿನಿಂದ ಹೋಗುವುದಕ್ಕಿಂತ ಹೆಚ್ಚು.

ಇಷ್ಟನ್ನೂ ಮೇಷ್ಟ್ರಿಗೆ ಹೇಳಿದೆ. ಅವರು ಪೂರ್ತಿ ಒಪ್ಪಿದರು ಅನ್ನಲಾರೆ, ಮ್ಯಾಗ್ ವೀಲಿನ ಹೊಳಪು ಅವರ ಕಣ್ಣಲ್ಲಿ ಇನ್ನೂ ಇತ್ತು. ಅಂಗಡಿಯಲ್ಲಿ ಗಾಳಿ ಚೆಕ್ ಮಾಡಿಸಿದೆವು. ಬಾಗಿಲಿನ ಅಂಚಿನ ಸ್ಟಿಕ್ಕರಿನಲ್ಲಿ 35 ಅಂತ ಇದೆ, ಟೈರಿನಲ್ಲಿ ಇದ್ದದ್ದು 26. "ನಾಲ್ಕಕ್ಕೂ ಹಿಡೀರಿ, ಸ್ಟೆಪ್ನಿಗೂ ಹಿಡೀರಿ" ಅಂದರು ಮೇಷ್ಟ್ರು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ. ಒಂದು ಸಣ್ಣ ಪಂಪು, ಒಂದು ಬಾಟಲಿ ಪಂಚರ್ ದ್ರಾವಣ, ಅಷ್ಟೇ.

ಸ್ಟೆಪ್ನಿ ಅನ್ನುವುದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಥ್ಲಿ ಊರಿನ ಒಂದು ಬೀದಿಯ ಹೆಸರು. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. 1904ರಲ್ಲಿ ಆ ಬೀದಿಯಲ್ಲಿ ಡೇವಿಸ್ ಸಹೋದರರು, ಪಂಚರ್ ಆದ ಚಕ್ರದ ಪಕ್ಕಕ್ಕೆ ಬಿಗಿಯುವ, ಗಾಳಿ ತುಂಬಿದ ಬಳೆಯಂಥ ಚಕ್ರ ಮಾಡಿ ಮಾರಿದರು. ಹೆಸರು ನಮ್ಮ ದೇಶದ ಬಾಯಲ್ಲಿ ನಿಂತುಬಿಟ್ಟಿತು. ಈಗ ತೂಕ ಮತ್ತು ಜಾಗ ಉಳಿಸಲು ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಆ ಚಕ್ರವನ್ನೇ ಬಿಟ್ಟಿದ್ದಾರೆ. ಮೇಷ್ಟ್ರು ಖಾಲಿ ಡಿಕ್ಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗಡಿಯವರಿಗೆ, "ಮ್ಯಾಗ್ ಇರಲಿ. ಇದೇ ಸೈಜಿಂದು ಒಂದು ಕಬ್ಬಿಣದ ಡಿಸ್ಕ್ ಟೈರ್ ಸಮೇತ ಎಷ್ಟಾಗುತ್ತೆ ಹೇಳಿ, ನಮ್ಮೂರ ದಾರೀಲಿ ರಾತ್ರಿ ಪಂಚರ್ ಆದ್ರೆ ಬಾಟ್ಲಿ ಹಿಡ್ಕೊಂಡು ಏನ್ ಮಾಡ್ಲಿ?" ಅಂದರು.