ಮೊದಲು ಕರಗಬೇಕಾದ ತಂತಿ

ದೀಪ ಆರಿದರೆ ‘ಫ್ಯೂಸ್ ಹೋಯಿತು’ ಎನ್ನುತ್ತೇವೆ. ಏನೋ ಕೆಟ್ಟುಹೋಯಿತೆಂಬ ಬೇಸರ ಆ ಮಾತಿನಲ್ಲಿದೆ. ನಿಜ ನೋಡಿದರೆ, ಹೋದ ಫ್ಯೂಸ್ ತನಗೆ ವಹಿಸಿದ ಕೆಲಸವನ್ನು ಮುಗಿಸಿರುತ್ತದೆ. ಉಳಿದೆಲ್ಲವೂ ಉಳಿಯಲಿ ಎಂದು, ತಾನು ಹಾಳಾಗಲೆಂದೇ ಜೋಡಿಸಿರುವ ತಂತಿ ಅದು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಬಳಿಯ ಕೆಂಕೆರೆಯಂಥ ತೆಂಗಿನ ಸೀಮೆಯ ಊರುಗಳಲ್ಲಿ ಈ ಪುಟ್ಟ ತಂತಿಯನ್ನು ನಂಬಿ ತೋಟಗಳಿವೆ. ಕೊಳವೆ ಬಾವಿಯ ನೀರು ಮೇಲೆ ಬರಬೇಕಾದರೆ ಟಿ.ಸಿ. ಚೆನ್ನಾಗಿರಬೇಕು. ಕಂಬಗಳ ಮೇಲೆ ಕೂತ ಟ್ರಾನ್ಸ್‌ಫಾರ್ಮರನ್ನು ರೈತರು ಕರೆಯುವುದು ಹಾಗೆ. ಅದು ಸುಟ್ಟರೆ ಅದಕ್ಕೆ ಸೇರಿದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಸುಡದಂತೆ ಕಾಯಲು ಫ್ಯೂಸ್ ಇದೆ. ಹಾಗಿದ್ದೂ ಟಿ.ಸಿ. ಸುಡುವುದೇಕೆ? ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಹೊರಡಬೇಕು.

ಸಿಡಿಲಿನಿಂದ ಶುರು

ಫ್ಯೂಸಿನ ಕಲ್ಪನೆ ಮನೆಮನೆಯ ವಿದ್ಯುತ್ ದೀಪಕ್ಕಿಂತ ಹಳೆಯದು. ಟೆಲಿಗ್ರಾಫ್ ಕಚೇರಿಗಳನ್ನು ಸಿಡಿಲಿನಿಂದ ಉಳಿಸಲು 1847ರಲ್ಲಿ ಫ್ರಾನ್ಸಿನ ಲೂಯಿ ಬ್ರೆಗೆ ಒಂದು ಸುಲಭ ಉಪಾಯ ಸೂಚಿಸಿದ. ಕಚೇರಿಯೊಳಗೆ ಬರುವ ತಂತಿಯ ಒಂದು ತುಂಡನ್ನು ತೆಳ್ಳಗೆ ಮಾಡಿದರೆ ಸಿಡಿಲು ಬಡಿದಾಗ ಅದು ಕರಗುತ್ತದೆ, ಒಳಗಿನ ಯಂತ್ರ ಉಳಿಯುತ್ತದೆ. ಅಮೆರಿಕದ ಥಾಮಸ್ ಎಡಿಸನ್ ದೀಪದ ಸಾಲಿಗೆ ಇಂಥದ್ದೇ ರಕ್ಷಕ ತಂತಿ ಜೋಡಿಸುವುದಕ್ಕೆ 1880ರಲ್ಲಿ ಪೇಟೆಂಟ್ ಪಡೆದ. ಎರಡು ವರ್ಷದ ನಂತರ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ಆತನ ಕಂಪನಿ ಮನೆ, ಅಂಗಡಿಗಳಿಗೆ ವಿದ್ಯುತ್ ಹಂಚತೊಡಗಿತು.

ಎಷ್ಟು ದಪ್ಪದ ತಂತಿ ಎಷ್ಟು ಕರೆಂಟಿಗೆ ಕರಗುತ್ತದೆ ಎಂಬ ಲೆಕ್ಕ ಹಾಕಿದವರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್ ಮುಖ್ಯನಾದವನು. 1880ರ ದಶಕದಲ್ಲಿ ಆತ ಕೊಟ್ಟ ಸೂತ್ರದಂತೆ ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಸುಮಾರು 28 ಆಂಪಿಯರಿಗೆ ಕರಗಿದರೆ, ಒಂದು ಮಿಲಿಮೀಟರ್ ತಂತಿ ಕರಗಲು ಸುಮಾರು 80 ಆಂಪಿಯರ್ ಬೇಕು. ದಪ್ಪ ಎರಡರಷ್ಟಾದರೆ ತಾಳಿಕೆ ಎರಡರಷ್ಟಲ್ಲ, ಹೆಚ್ಚುಕಡಿಮೆ ಮೂರರಷ್ಟು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೆಂಕೆರೆಯ ಟಿ.ಸಿ. ಕಂಬದ ಬಳಿ ಮತ್ತೆ ಬೇಕಾಗುತ್ತದೆ.

ತೂಬು ಮತ್ತು ಮಡಿ

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂತು. ಗಣಿಗೆ ಹೋದದ್ದು ನೇರ ದಾರಿ; ಊರಿಗೆ ಬಂದದ್ದು ಕವಲೊಡೆಯುವ ಮರ. 1957ರಲ್ಲಿ ರಾಜ್ಯದ ವಿದ್ಯುತ್ ಮಂಡಳಿ ಸ್ಥಾಪನೆಯಾದ ಮೇಲೆ ಈ ಕವಲುಗಳು ಹಳ್ಳಿಗಳತ್ತ, ತೋಟಗಳತ್ತ ಚಾಚಿದವು. 2002ರಿಂದ ತುಮಕೂರು ಜಿಲ್ಲೆಯ ವಿತರಣೆ ‘ಬೆಸ್ಕಾಂ’ ಪಾಲಿಗೆ ಬಂತು.

ಕವಲು ಹೆಚ್ಚಿದಂತೆ ಹೊಸ ಪ್ರಶ್ನೆ ಎದ್ದಿತು. ಸಾಲಿನಲ್ಲಿ ಒಂದರ ಹಿಂದೆ ಒಂದು ಫ್ಯೂಸ್ ಇದ್ದರೆ ಮೊದಲು ಕರಗಬೇಕಾದದ್ದು ಯಾವುದು? ಇದಕ್ಕೆ ಉತ್ತರ ರೈತರಿಗೆ ತಿಳಿದದ್ದೇ. ಒಂದು ಮಡಿಯಲ್ಲಿ ನೀರು ಉಕ್ಕಿದರೆ ಆ ಮಡಿಯ ಬಾಯಿ ಕಟ್ಟುತ್ತಾರೆ. ಕೆರೆಯ ತೂಬು ಮುಚ್ಚುವುದಿಲ್ಲ. ಹಾಗೆಯೇ ದೋಷಕ್ಕೆ ಹತ್ತಿರದ ಫ್ಯೂಸ್ ಮೊದಲು ಹೋಗಬೇಕು, ಹಿಂದಿನದು ತಡೆದುಕೊಂಡಿರಬೇಕು. ಕರೆಂಟು ಸ್ವಲ್ಪ ಮೀರಿದರೆ ಫ್ಯೂಸ್ ನಿಧಾನವಾಗಿ ಕರಗುತ್ತದೆ, ಬಹಳ ಮೀರಿದರೆ ಕ್ಷಣಾರ್ಧದಲ್ಲಿ. ಆದ್ದರಿಂದ ಎಂಜಿನಿಯರುಗಳು ಆಂಪಿಯರ್ ಜತೆಗೆ ಕಾಲವನ್ನೂ ಅಳೆಯುತ್ತಾರೆ. ಹಿಂದಿನ ಫ್ಯೂಸ್ ಕರಗಲು ಹಿಡಿಯುವ ಸಮಯದ ಶೇ 75ರೊಳಗೆ ಮುಂದಿನದು ಪೂರ್ತಿ ಕಡಿದುಹೋಗಿರಬೇಕೆಂಬುದು ಅವರಲ್ಲಿ ರೂಢಿಯಲ್ಲಿರುವ ನಿಯಮ.

ಟಿ.ಸಿ. ಲೆಕ್ಕ

ತೋಟದ ಬದಿಯ 63 ಕೆ.ವಿ.ಎ. ಟಿ.ಸಿ.ಯನ್ನೇ ತೆಗೆದುಕೊಳ್ಳೋಣ. ಅದು 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ. ಪೂರ್ತಿ ಹೊರೆ ಬಿದ್ದಾಗ ಪಂಪ್‌ಸೆಟ್‌ಗಳ ಕಡೆ ಹರಿಯುವ ಕರೆಂಟು 84 ಆಂಪಿಯರ್, ಮೇಲಿನ ಎಚ್.ಟಿ. ಕಡೆ ಕೇವಲ 3.3. ಏಳೂವರೆ ಅಶ್ವಶಕ್ತಿಯ ಮೋಟಾರು ಸುಮಾರು 11 ಆಂಪಿಯರ್ ಎಳೆಯುತ್ತದೆ. ಅಂಥವು ಏಳು ಓಡಿದರೆ 77; ಟಿ.ಸಿ. ತಾಳುತ್ತದೆ.

ಆದರೆ ಮೋಟಾರು ಹೊರಡುವಾಗ ಐದಾರು ಪಟ್ಟು ಹೆಚ್ಚು ಎಳೆಯುತ್ತದೆ. ತ್ರೀ ಫೇಸ್ ಬಂದ ಕೂಡಲೇ ತಾನಾಗಿಯೇ ಮೋಟಾರು ಚಾಲೂ ಮಾಡುವ ಆಟೊ ಸ್ಟಾರ್ಟರುಗಳು ತೋಟಗಳಲ್ಲಿ ಇವೆ. ಕರೆಂಟು ಬಂದ ಗಳಿಗೆಯಲ್ಲಿ ಏಳೂ ಒಟ್ಟಿಗೆ ಎದ್ದರೆ ಹೊರೆ ಕೆಲವು ಸೆಕೆಂಡು 400 ಆಂಪಿಯರ್ ಆಸುಪಾಸು ಹೋಗಬಹುದು. ಒಂದೆರಡು ಮೋಟಾರು ಲೆಕ್ಕಕ್ಕಿಂತ ಹೆಚ್ಚಿಗೆ ಸೇರಿದ್ದರಂತೂ ಫ್ಯೂಸ್ ಹೋಗುತ್ತದೆ. ಮತ್ತೆ ಹಾಕುತ್ತಾರೆ, ಮತ್ತೆ ಹೋಗುತ್ತದೆ. ರಾತ್ರಿ ಪಾಳಿಯ ಕರೆಂಟು ಕೈತಪ್ಪೀತೆಂದು ಯಾರೋ ಒಬ್ಬರು ದಪ್ಪ ತಂತಿ, ಇಲ್ಲವೆ ಲೈನಿನ ಅಲ್ಯೂಮಿನಿಯಂ ಎಳೆಯನ್ನೇ ಸುತ್ತುತ್ತಾರೆ. ಅಲ್ಲಿಗೆ ಫ್ಯೂಸ್ ಹೋಗುವುದು ನಿಲ್ಲುತ್ತದೆ. ಪ್ರೀಸನ ಲೆಕ್ಕ ನೆನಪಾಗಬೇಕಾದದ್ದು ಈಗ.

ಮೇಲಿನ ಎಚ್.ಟಿ. ಫ್ಯೂಸ್ ಕಾಯುವುದಿಲ್ಲವೇ ಎಂದು ಕೇಳಬಹುದು. ಟಿ.ಸಿ.ಗೆ ಕರೆಂಟು ಕೊಟ್ಟ ಕ್ಷಣದಲ್ಲಿ ನುಗ್ಗುವ ಪ್ರವಾಹವನ್ನು ಅದು ತಾಳಬೇಕಾದ್ದರಿಂದ ಅದನ್ನು ಸಡಿಲವಾಗಿಯೇ ಆರಿಸಿರುತ್ತಾರೆ. ಕೆಳಗಿನ 254 ಆಂಪಿಯರ್ ಮೇಲೆ ಬರೀ 10 ಆಂಪಿಯರಾಗಿ ಕಾಣುತ್ತದೆ. ಟಿ.ಸಿ.ಯ ಒಳಗೇ ಶಾರ್ಟ್ ಆದರೆ ಅದು ಕಡಿಯುತ್ತದೆ. ಗಂಟೆಗಟ್ಟಲೆ ಎಳೆಯುವ ಅಷ್ಟಿಷ್ಟು ಹೆಚ್ಚುವರಿ ಹೊರೆ ಅದರ ಗಮನಕ್ಕೆ ಬಾರದು. ಆ ಕಾವಲು ಕೆಳಗಿನ ಫ್ಯೂಸಿನದು. ಅದನ್ನು ದಪ್ಪಮಾಡಿದರೆ ಎಣ್ಣೆ ಕಾಯುತ್ತದೆ, ಸುರುಳಿಯ ಮೇಲಿನ ಕಾಗದದ ಹೊದಿಕೆ ಸೀಯುತ್ತದೆ, ಕೊನೆಗೆ ಸುರುಳಿಯೇ ಸುಡುತ್ತದೆ. ಕೆಲವೇ ರೂಪಾಯಿಯ ತಂತಿ ಕರಗಬೇಕಾಗಿದ್ದ ಕಡೆ ಟಿ.ಸಿ.ಯೇ ಫ್ಯೂಸ್ ಆಗುತ್ತದೆ.

ನಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ನೀರು ತಪ್ಪಿದ ತೆಂಗು ಹರಳು ಉದುರಿಸುತ್ತದೆ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು 12 ತಿಂಗಳು. ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಮತ್ತಷ್ಟು ತಿಂಗಳು. ಈ ಬೇಸಿಗೆ ಸುತ್ತಿದ ದಪ್ಪ ತಂತಿಯ ಬೆಲೆ ತಿಪಟೂರು ಮಾರುಕಟ್ಟೆಯಲ್ಲಿ ಲೆಕ್ಕಕ್ಕೆ ಬರುವ ಹೊತ್ತಿಗೆ ಅದನ್ನು ಸುತ್ತಿದವರೂ ಮರೆತಿರುತ್ತಾರೆ.

ಇನ್ನೊಂದು ಮಾತು. ಕೆಳಗಿನ ಫ್ಯೂಸ್ ಕಿತ್ತರೂ ಟಿ.ಸಿ.ಯ ತಲೆಯ ಮೇಲೆ 11,000 ವೋಲ್ಟ್ ಜೀವಂತವಾಗಿರುತ್ತದೆ. ಫ್ಯೂಸ್ ಹಾಕುವ ಕೆಲಸ ಲೈನ್‌ಮನ್‌ಗೇ ಸೇರಿದ್ದು. ತೋಟದವರ ಕೈಯಲ್ಲಿರುವುದು ಬೇರೆ: ಮೋಟಾರುಗಳನ್ನು ಒಂದಾದ ಮೇಲೊಂದು ಚಾಲೂ ಮಾಡುವುದು, ಹೊರೆ ಹೆಚ್ಚಿದ್ದರೆ ದೊಡ್ಡ ಟಿ.ಸಿ. ಕೇಳುವುದು. ಮತ್ತೆ ಮತ್ತೆ ಫ್ಯೂಸ್ ಹೋಗುತ್ತಿದ್ದರೆ ಅದು ಹೇಳುತ್ತಿರುವುದೂ ಅದನ್ನೇ.