ಸೈನಿಕನ ಮನಸ್ಸನ್ನು ಓದುವ ವಿದ್ಯೆ

ಸಂಸೆಯ ಕಡೆಯಿಂದ ನೋಡಿದವರಿಗೆ ಬೆಟ್ಟದ ಒಂದು ಪಾರ್ಶ್ವ ಕುದುರೆಯ ಮುಖದಂತೆ ತೋರುತ್ತದೆ. ಕುದುರೆಮುಖಕ್ಕೆ ಆ ಹೆಸರು ಬಂದದ್ದೇ ಹಾಗೆ. ಮಂಜು ಕವಿದ ದಿನ ಅದೇ ಬೆಟ್ಟದಲ್ಲಿ ಒಬ್ಬನಿಗೆ ಕುದುರೆ ಕಂಡರೆ ಇನ್ನೊಬ್ಬನಿಗೆ ಬೇರೇನೋ ಕಾಣಬಹುದು. ಮಸುಕಾದುದನ್ನು ಕಂಡಾಗ ಮನುಷ್ಯ ತನ್ನೊಳಗಿನದನ್ನೇ ಅದಕ್ಕೆ ತುಂಬುತ್ತಾನೆ. ಸೇನಾ ಮನಶ್ಶಾಸ್ತ್ರದ ಪ್ರಮುಖ ಪರೀಕ್ಷೆಯೊಂದು ಈ ತತ್ತ್ವದ ಮೇಲೆಯೇ ನಿಂತಿದೆ.

ಕಳಸ, ಮೂಡಿಗೆರೆಗಳ ಕಾಫಿ ಸೀಮೆಯಿಂದ ಸೇನಾಧಿಕಾರಿಯಾಗಲು ಹೊರಟ ತರುಣ ತರುಣಿಯರು ಬೆಂಗಳೂರಿನಲ್ಲಿರುವಂಥ ಆಯ್ಕೆ ಕೇಂದ್ರಗಳಲ್ಲಿ ಇದನ್ನು ಎದುರಿಸುತ್ತಾರೆ. ಚಿತ್ರವೊಂದನ್ನು ಅರ್ಧ ನಿಮಿಷ ತೋರಿಸಲಾಗುತ್ತದೆ. ನಾಲ್ಕು ನಿಮಿಷದಲ್ಲಿ ಅದರ ಕತೆ ಬರೆಯಬೇಕು. ಹೀಗೆ 12 ಕತೆಗಳು. ಕೊನೆಯದಕ್ಕೆ ಚಿತ್ರವೇ ಇಲ್ಲ, ಬರೀ ಖಾಲಿ ಹಾಳೆ. ಬಳಿಕ 60 ಪದಗಳು, ಪ್ರತಿಯೊಂದಕ್ಕೂ 15 ಸೆಕೆಂಡು. ಯೋಚಿಸಿ ನಟಿಸಲು ಸಮಯ ಸಿಗಬಾರದೆಂಬುದೇ ಈ ಅವಸರದ ಉದ್ದೇಶ. ಬರೆದುದನ್ನು ಓದಿ ತೂಗುವವರು ಮನಶ್ಶಾಸ್ತ್ರಜ್ಞರು.

ಈ ಪದ್ಧತಿ ಹುಟ್ಟಿದ್ದು ಯುದ್ಧದ ಒತ್ತಡದಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿಗೆ, ಮನೆತನ ಮತ್ತು ಶಾಲೆ ನೋಡಿ ಅಧಿಕಾರಿಗಳನ್ನು ಆರಿಸುವ ಹಳೆಯ ಕ್ರಮ ಬ್ರಿಟನ್ನಿಗೆ ಸಾಲದಾಯಿತು. 1942ರಲ್ಲಿ ಅಲ್ಲಿ ಹೊಸ ಆಯ್ಕೆ ಮಂಡಳಿಗಳು ಆರಂಭವಾದವು. ಮರುವರ್ಷವೇ, 1943ರಲ್ಲಿ, ಡೆಹರಾಡೂನಿನಲ್ಲಿ ಭಾರತದ ಪ್ರಾಯೋಗಿಕ ಮಂಡಳಿ ತಲೆಯೆತ್ತಿತು. ಅದೇ ಬೆಳೆದು, ಹಲವು ಹೆಸರುಗಳನ್ನು ಪಡೆದು, 1982ರಲ್ಲಿ ದೆಹಲಿಯ ರಕ್ಷಣಾ ಮನೋವೈಜ್ಞಾನಿಕ ಸಂಶೋಧನಾ ಸಂಸ್ಥೆಯಾಯಿತು. ಪರೀಕ್ಷೆಗಳನ್ನು ರೂಪಿಸುವುದೂ ಆಯ್ಕೆ ಮಂಡಳಿಯ ಪರೀಕ್ಷಕರಿಗೆ ತರಬೇತಿ ಕೊಡುವುದೂ ಅದರ ಹೊಣೆ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ರಕ್ಷಣಾ ಸಂಶೋಧನಾ ಸಂಘಟನೆಯ ವಿಜ್ಞಾನಿ ನೇಮಕಾತಿಯ ಮೂಲಕ ಅಲ್ಲಿಗೆ ಸೇರಬಹುದು.

ಆ ಪದವಿಗಾಗಿ ಕನ್ನಡ ನಾಡಿನವರು ದೂರ ಹೋಗಬೇಕಾಗಿಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರೂ ಅವರೇ.

ಆದರೆ ಆಯ್ಕೆ ಕೆಲಸದ ಅರ್ಧ ಮಾತ್ರ. ಗಡಿಯಲ್ಲಿ ವರ್ಷಗಟ್ಟಲೆ ಕಳೆದವನ, ಜೊತೆಗಾರನ ಸಾವನ್ನು ಕಣ್ಣಾರೆ ಕಂಡವನ ಮನಸ್ಸಿಗೆ ಬೇಕಾದುದು ಅಂಕವಲ್ಲ, ಆರೈಕೆ. ಆ ದಾರಿ ಹಿಡಿಯುವವರಿಗೆ ಬೇಕಾದುದು ಚಿಕಿತ್ಸಾ ಮನಶ್ಶಾಸ್ತ್ರ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ಇದರ ತರಬೇತಿಯನ್ನು ಆರಂಭಿಸಿತು; ಅದೇ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಹೀಗೆ ಕಲಿತವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡೇ ಚಿಕಿತ್ಸೆಗೆ ಕೈಹಾಕಬೇಕು. ಬೆಂಗಳೂರಿನಲ್ಲಿಯೇ 1957ರಿಂದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಇದೆ. ಗಗನಯಾನಕ್ಕೆ ಆಯ್ಕೆಯಾಗಬೇಕಿದ್ದ ಪೈಲಟ್‌ಗಳ ಮನಸ್ಸನ್ನೂ 2019ರಲ್ಲಿ ಪರೀಕ್ಷಿಸಿದ್ದು ಅಲ್ಲಿಯೇ.

ಈ ವಿದ್ಯೆಯನ್ನು ಬಯಸುವವರು ಮೊದಲೇ ಅರಿಯಬೇಕಾದ ಇಕ್ಕಟ್ಟೊಂದಿದೆ. ಆಯ್ಕೆಯ ಕೋಣೆಯಲ್ಲಿ ಮನಶ್ಶಾಸ್ತ್ರಜ್ಞ ಸೇನೆಯ ಪರ. ಅಲ್ಲಿ ದಾಕ್ಷಿಣ್ಯ ತೋರಿದರೆ ಅದರ ಬೆಲೆ ತೆರುವವರು ಮುಂದೆ ಆ ಅಧಿಕಾರಿಯ ಹಿಂದೆ ನಡೆಯುವ ಜವಾನರು. ಚಿಕಿತ್ಸೆಯ ಕೋಣೆಯಲ್ಲಾದರೋ ಆತ ಎದುರು ಕುಳಿತವನ ಪರ. ಹೇಳಿಕೊಂಡದ್ದು ತನ್ನ ಬಡ್ತಿಗೆ ಅಡ್ಡಬರುತ್ತದೆಂಬ ಅನುಮಾನ ಹುಟ್ಟಿದರೆ ಸೈನಿಕ ಬಾಯಿ ಬಿಡುವುದಿಲ್ಲ. ಬಾಯಿ ಬಿಡದವನಿಗೆ ನೆರವಾಗುವುದೂ ಸಾಧ್ಯವಿಲ್ಲ. ತಾನು ಯಾವ ಕೋಣೆಯಲ್ಲಿ ಕುಳಿತಿದ್ದೇನೆಂಬುದನ್ನು ಮರೆಯದಿರುವುದೇ ಈ ವೃತ್ತಿಯ ಮೊದಲ ಪಾಠ.